ಕೆನ್ನಿ ಕ್ಲಾರ್ಕ್ ಬೆನ್ನು ಹತ್ತಿ: ರೈಡ್ ಸಿಂಬಲ್‌ವರೆಗೆ

ಜಾಝ್ ಡ್ರಮ್ಮರ್ ಕೆನ್ನಿ ಕ್ಲಾರ್ಕ್ ಬದುಕನ್ನು ಓದುತ್ತಾ, ಅವರ ರೆಕಾರ್ಡಿಂಗ್ ಕೇಳುತ್ತಾ, ನನ್ನ ಡ್ರಮ್ ಸೆಟ್ ಮೇಲೆ ನುಡಿಸಿ ನೋಡುವ ಕೆಲಸ ಮುಂದುವರಿದಿದೆ. 1914ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಹುಟ್ಟಿದ್ದು, ಆಮೇಲೆ ನ್ಯೂಯಾರ್ಕ್ ಸೇರಿದ್ದು, ಅಷ್ಟೂ ಬೇಗ ಮುಗಿಯಿತು. ಈಗ 1930ರ ದಶಕದ ಕೊನೆಗೆ ಬಂದು ನಿಂತಿದ್ದೇನೆ. ಇಲ್ಲಿಂದ ಮುಂದೆ ಹೋಗಲು ಮನಸ್ಸೇ ಇಲ್ಲ.

ಆಗೆಲ್ಲ ಡ್ರಮ್ಮರ್ ಬಲಗಾಲಿನಿಂದ ಬೇಸ್ ಡ್ರಮ್ (ನೆಲದ ಮೇಲೆ ಕೂರುವ ದೊಡ್ಡ ಡ್ರಮ್) ಪೆಡಲ್ ಒತ್ತುತ್ತಾ ನಾಲ್ಕೂ ಎಣಿಕೆಯನ್ನು ಬಿಡದೆ ಹಿಡಿಯುತ್ತಿದ್ದರು. ಕುಣಿಯುವವರಿಗೆ ಅದೇ ಬೇಕಿತ್ತು. ಟೆಡ್ಡಿ ಹಿಲ್ ಬ್ಯಾಂಡ್‌ನಲ್ಲಿದ್ದಾಗ, ಕಾಲಿಗೆ ನಿಲುಕದಷ್ಟು ಜೋರು ವೇಗದ ಹಾಡುಗಳಲ್ಲಿ ಕ್ಲಾರ್ಕ್ ಲಯವನ್ನು ರೈಡ್ ಸಿಂಬಲ್‌ಗೆ, ಅಂದರೆ ಕಡ್ಡಿಯಿಂದ ಬಾರಿಸುವ ದೊಡ್ಡ ಲೋಹದ ತಟ್ಟೆಗೆ, ದಾಟಿಸಿದರು. ಕಾಲು ಬಿಡುವಾಯಿತು. ಬೇಸ್ ಡ್ರಮ್ ಅನಿರೀಕ್ಷಿತ ಜಾಗಗಳಲ್ಲಿ ಧಡ್ ಅನ್ನತೊಡಗಿತು. ಇದಕ್ಕೇ 'ಬಾಂಬ್ ಹಾಕುವುದು' ಅಂತ ಹೆಸರು ಬಿತ್ತು.

ವೇಗ ಎಣಿಸಿಕೊಡುವ ಮೆಟ್ರೊನೋಮ್ ಇಟ್ಟು ನಾನೂ ನೋಡಿದೆ. ನಿಮಿಷಕ್ಕೆ 160 ಬೀಟ್ ಇದ್ದಾಗ ಪೆಡಲ್ ಒತ್ತುವುದು ಆರಾಮ. 280 ಆದರೆ ಮೀನಖಂಡ ಹಿಡಿದುಕೊಳ್ಳುತ್ತದೆ. ರೈಡ್ ಮೇಲಾದರೆ ಕಡ್ಡಿ ತಾನೇ ಪುಟಿಯುತ್ತದೆ, ಬೆರಳಿನಿಂದ ಸಂಭಾಳಿಸಿದರೆ ಸಾಕು. ಆಧುನಿಕ ಡ್ರಮ್ಮಿಂಗ್ ಬಗ್ಗೆ ದಪ್ಪ ದಪ್ಪ ಮಾತು ಎಷ್ಟೋ ಓದಿದ್ದೆ. ಸೋತ ಕಾಲಿನ ಪಾಲು ಇಷ್ಟಿದೆ ಅಂತ ಪೆಡಲ್ ಮೇಲೆ ಕಾಲಿಟ್ಟ ಮೇಲೇ ಗೊತ್ತಾಗಿದ್ದು.

ಈ ಹೊಸ ವರಸೆ ಸರಿಬರದೆ ಹಿಲ್ ಕ್ಲಾರ್ಕ್‌ರನ್ನು ಕೆಲಸದಿಂದಲೇ ತೆಗೆದರು. ಮುಂದೆ ನ್ಯೂಯಾರ್ಕ್‌ನ ಹಾರ್ಲೆಮ್‌ನಲ್ಲಿದ್ದ ಮಿಂಟನ್ಸ್ ಪ್ಲೇಹೌಸ್ ಎಂಬ ಜಾಝ್ ಕ್ಲಬ್ ಅನ್ನು ಇದೇ ಹಿಲ್ ನೋಡಿಕೊಳ್ಳತೊಡಗಿದಾಗ ಕರೆದದ್ದು ಯಾರನ್ನು? ಕ್ಲಾರ್ಕ್‌ರನ್ನೇ! ಪಿಯಾನೋದಲ್ಲಿ ಥೆಲೋನಿಯಸ್ ಮಂಕ್, ಬಂದು ಸೇರಿಕೊಳ್ಳುವವರಲ್ಲಿ ಡಿಜ್ಜಿ ಗಿಲೆಸ್ಪಿ, ಚಾರ್ಲಿ ಕ್ರಿಶ್ಚಿಯನ್. ಬೀಬಾಪ್ ಎಂಬ ಹೊಸ ಜಾಝ್ ಶೈಲಿ ರೂಪ ಪಡೆದ ಮುಖ್ಯ ಜಾಗಗಳಲ್ಲಿ ಅದೂ ಒಂದು.

ಅಭ್ಯಾಸದ ವಿಷಯಕ್ಕೆ ಬಂದರೆ, ರೈಡ್‌ನ 'ಟಿಂಗ್, ಟಿಂಗ್-ಟ-ಟಿಂಗ್' ಕೈಗೆ ಕೂತಿದೆ. ತೊಂದರೆ ಕಾಲಿನದು. ಬಾಂಬ್ ಬಿದ್ದ ಕೂಡಲೇ ಬಲಗೈ ಕೂಡ ಜೋರಾಗುತ್ತದೆ. ಅದಕ್ಕೇ ಸದ್ಯಕ್ಕೆ ನಾಲ್ಕನೇ ಎಣಿಕೆಯ ಹಿಂದೆಯೇ ಬರುವ ಅರೆ ಎಣಿಕೆಯಲ್ಲಿ ಮಾತ್ರ ಬಾಂಬ್. ಎಡಗಾಲಿನ ಹೈ-ಹ್ಯಾಟ್ (ಪೆಡಲ್ ಒತ್ತಿದರೆ ಒಂದಕ್ಕೊಂದು ತಾಗುವ ಜೋಡಿ ಸಿಂಬಲ್) ಎರಡು, ನಾಲ್ಕನೇ ಎಣಿಕೆಗೆ. ಮುಂದಿನ ಚಿಕ್ಕ ಡ್ರಮ್ಮಾದ ಸ್ನೇರ್‌ಗೆ ಸದ್ಯ ರಜೆ.

ಮುಂದೆ ಕ್ಲಾರ್ಕ್ ಇದ್ದ ನಾಲ್ವರ ತಂಡ, 1952ರ ಮಾಡರ್ನ್ ಜಾಝ್ ಕ್ವಾರ್ಟೆಟ್ ಇದೆ. ಅದಕ್ಕೆ ಕಡ್ಡಿ ಬಿಟ್ಟು ತಂತಿಯ ಬ್ರಷ್ ಹಿಡಿಯಬೇಕು. 1956ರಲ್ಲಿ ಅವರು ಪ್ಯಾರಿಸ್‌ಗೆ ಹೋಗಿ ನೆಲೆಸಿದರು. ಆಮೇಲೆ ಬೆಲ್ಜಿಯಂನ ಫ್ರಾನ್ಸಿ ಬೋಲಾಂಡ್ ಜೊತೆ ಕಟ್ಟಿದ ಬಿಗ್ ಬ್ಯಾಂಡ್‌ಗೆ ಮುಂದೆ ಇನ್ನೊಬ್ಬ ಡ್ರಮ್ಮರ್ ಕೂಡ ಬಂದರು. ಅವರ ಹೆಸರು ಕೆನ್ನಿ ಕ್ಲೇರ್! ಆ ರೆಕಾರ್ಡಿಂಗ್‌ಗಳಲ್ಲಿ ಯಾವ ಸಿಂಬಲ್ ಯಾರದು ಅಂತ ಕಿವಿಯಿಂದಲೇ ಬೇರ್ಪಡಿಸಲು ಆಗುತ್ತದಾ ನೋಡಬೇಕು.