ಅವಳನ್ನ ಯಾಕೋ ಕೇಳ್ತಾನೆ?

ಮೊನ್ನೆ ಭಾನುವಾರ ರಾತ್ರಿ ಅತ್ತೆಯ ಜೊತೆ ಕೂತು ‘ಕಮೀಲ್’ ನೋಡಿದೆ. 1936ರ ಸಿನಿಮಾ, ಗ್ರೆಟಾ ಗಾರ್ಬೊ ಇರೋದು. ಅತ್ತೆಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ನಾನು ಪಕ್ಕದಲ್ಲಿ ಅರ್ಥ ಹೇಳುತ್ತಿದ್ದೆ. ಹುರಿಗಡಲೆ ಬಾಯಾಡಿಸುತ್ತಾ ಚೆನ್ನಾಗೇ ನೋಡುತ್ತಿದ್ದರು. ಹುಡುಗನ ಅಪ್ಪ ಬಂದು ‘ನನ್ನ ಮಗನನ್ನು ಬಿಟ್ಟುಬಿಡು’ ಎಂದು ಅವನ ಪ್ರೇಯಸಿ, ಪ್ಯಾರಿಸ್ಸಿನ ವೇಶ್ಯೆ ಮಾರ್ಗರಿಟ್‌ಳನ್ನು ಬೇಡುವ ಹೊತ್ತಿಗೆ ಕೈ ಡಬ್ಬಿಯಲ್ಲೇ ನಿಂತಿತು.

“ಮಗನ್ನ ಬಿಟ್ಟು ಅವಳನ್ನ ಯಾಕೋ ಕೇಳ್ತಾನೆ?”

“ಕಾದಂಬರೀಲಿ ಮೊದಲು ಮಗನ್ನೇ ಕೇಳ್ತಾನೆ ಅತ್ತೆ. ಅವನು ಒಪ್ಪಲ್ಲ.”

“ಅದಕ್ಕೇ, ಒಪ್ಪೋಳ ಹತ್ರ ಬಂದ.”

ನಾಲ್ಕು ದಿನದಿಂದ ಇದೇ ಮಾತು ತಲೆಯಲ್ಲಿ. ಕಿರಿಯ ಅಲೆಕ್ಸಾಂಡರ್ ಡ್ಯೂಮಾನ 1848ರ ಆ ಕಾದಂಬರಿಯನ್ನು ಎರಡು ಸಲ ಓದಿದ್ದೇನೆ. ಎರಡು ಸಲವೂ ಆ ಅಪ್ಪ ನನಗೆ ಸಭ್ಯನಾಗಿಯೇ ಕಂಡಿದ್ದ. ಮಗಳ ಮದುವೆ ಮುರಿದೀತೆಂಬ ಸಂಕಟ ಪಾಪ ಅವನದು! ಅವಳೋ, ನಿಮ್ಮ ಮಗಳಿಗೆ ಕೊಡುವ ಹಾಗೆ ನನಗೊಂದು ಮುತ್ತು ಕೊಡಿ ಎನ್ನುತ್ತಾಳೆ. ಅವನು ಹಣೆಗೆ ಮುತ್ತಿಟ್ಟು, ಎರಡು ಹನಿ ಕಣ್ಣೀರೂ ಬೀಳಿಸಿ, ಕೆಲಸ ಮುಗಿಸಿಕೊಂಡು ಹೊರಡುತ್ತಾನೆ. ಇದೇ ಕಥೆಯ ಮೇಲೆ ವರ್ದಿ ಮಾಡಿದ ಒಪೆರಾ ‘ಲಾ ತ್ರಾವಿಯಾತಾ’ದಲ್ಲಿ ನನಗೆ ತುಂಬ ಇಷ್ಟದ ಭಾಗವೂ ಇವರಿಬ್ಬರ ಈ ಹಾಡೇ. ಎಷ್ಟು ಸಲ ಕಣ್ಣು ಮುಚ್ಚಿ ಕೇಳಿ ಸುಖಪಟ್ಟಿದ್ದೇನೋ. ಈಗ ನಾಚಿಕೆಯಾಗುತ್ತದೆ.

ಸಿನಿಮಾದ ಕೊನೆಗೆ ಆ ಹುಡುಗ ಆರ್ಮಾಂಡ್ ಓಡಿ ಬಂದು, ಅವಳು ಅವನ ತೋಳಲ್ಲೇ ಕಣ್ಣು ಮುಚ್ಚುತ್ತಾಳೆ. ಅತ್ತೆ ಸೆರಗಲ್ಲಿ ಮೂಗೊರೆಸಿಕೊಂಡರು. ಸುಮ್ಮನಿರಲಾರದೆ ನಾನು, “ಪುಸ್ತಕದಲ್ಲಿ ಅವನು ಬರೋದೇ ಇಲ್ಲ. ಆಮೇಲೆ ಬಂದು ಗೋರಿ ಅಗೆಸಿ ಮುಖ ನೋಡ್ತಾನೆ” ಅಂದೆ. 1852ರ ನಾಟಕಕ್ಕೆ ಡ್ಯೂಮಾನೇ ಅವನನ್ನು ಹೊತ್ತಿಗೆ ಸರಿಯಾಗಿ ಕರೆತಂದದ್ದು. ಮರುವರ್ಷದ ವರ್ದಿಯೂ ಅದನ್ನೇ ಹಿಡಿದ. ಕಥೆಗೆ ಮೂಲವಾದ ಮಾರಿ ಡ್ಯುಪ್ಲೆಸಿ 1847ರ ಫೆಬ್ರವರಿಯಲ್ಲಿ ಕ್ಷಯದಿಂದ ತೀರಿಕೊಂಡಾಗ ಅವಳಿಗೆ 23. ಅವಳ ಹಳೆಯ ಪ್ರಿಯಕರ ಡ್ಯೂಮಾ ಆಗ ಪ್ಯಾರಿಸ್ಸಿನಲ್ಲೇ ಇರಲಿಲ್ಲ. ತಾನು ಹೋಗಲಿಲ್ಲ, ನಾಯಕನನ್ನು ಕಳಿಸಿದ. ಜಾಣ.

ಇದನ್ನೆಲ್ಲ ಅತ್ತೆ ಕೇಳಿಸಿಕೊಂಡರೋ ಇಲ್ಲವೋ. ಟಿವಿ ಆರಿಸಿದ ಮೇಲೂ ಡಬ್ಬಿ ಮಡಿಲಲ್ಲಿಟ್ಟುಕೊಂಡು ಕೂತೇ ಇದ್ದರು.

“ನಿಮ್ಮಣ್ಣನ ವಿಷಯಕ್ಕೆ ಆ ಹುಡುಗಿ ರೂಮಿಗೆ ಹೋಗಿದ್ವಲ್ಲ...”

ದೊಡ್ಡಪ್ಪ ಹೋಗಿದ್ದು ನನಗೆ ಗೊತ್ತಿತ್ತು. ಮನೆತನ ಅಂತ ಎದೆ ತಟ್ಟಿಕೊಳ್ಳುವ ಆಸಾಮಿ, ಹೋಗದೆ ಇರುತ್ತಾರೆಯೇ? ಆದರೆ ಅತ್ತೆ?

“ನೀವೂ ಹೋಗಿದ್ರಾ?”

“ಹೆಂಗಸೊಬ್ಬಳು ಜೊತೇಲಿದ್ರೆ ಒಳ್ಳೇದು ಅಂದ್ರು ನಿಮ್ಮ ದೊಡ್ಡಪ್ಪ. ಆ ಹುಡುಗಿ ಒಂದು ಮಾತೂ ಎದುರಾಡಲಿಲ್ಲ ಕಣೋ. ಕಾಫಿ ಮಾಡಿ ಕೊಟ್ಟಳು. ಅವಳ ಹತ್ರ ಇದ್ದದ್ದೇ ಎರಡು ಲೋಟ.”