ಶಾವಿಗೆಯಂಥ ಜೇಡಿಮಣ್ಣು

ಗೋವಾದ ವಾಸ್ಕೋದಲ್ಲಿ ಮಳೆ ಬಿಟ್ಟಿಲ್ಲ. ಮನೆಯಲ್ಲೇ ಕೂತು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ತೆಗೆದ ಜೇಡಿಮಣ್ಣಿನ ಫೋಟೋ ನೋಡುತ್ತಿದ್ದೆ.

ಕಬ್ಬಿಣದ ಅದಿರಿನ ಪುಡಿಯನ್ನು ಗೋಲಿಯಷ್ಟು ಉಂಡೆ ಕಟ್ಟುವಾಗ ಟನ್ನಿಗೆ ಸುಮಾರು 5ರಿಂದ 10 ಕಿಲೋ ಬೆಂಟೋನೈಟ್ ಎಂಬ ಈ ಜೇಡಿ ಹಾಕುತ್ತಾರೆ. ಇಷ್ಟೇ ಇಷ್ಟು! ಅದಿಲ್ಲದಿದ್ದರೆ ಹಸಿ ಉಂಡೆ ಕುಲುಮೆ ಮುಟ್ಟುವ ಮೊದಲೇ ಒಡೆಯುತ್ತದೆ.

ಗುಟ್ಟು ಇರುವುದು ಜೇಡಿಯ ಪದರಗಳಲ್ಲಿ. ಒಂದೊಂದೂ ಸುಮಾರು 1 ನ್ಯಾನೋಮೀಟರ್, ಅಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗದಷ್ಟು ದಪ್ಪ. ನಡುವೆ ಸೋಡಿಯಂ ಇದ್ದರೆ ನೀರು ನುಗ್ಗಿ ಜೇಡಿ ಚೆನ್ನಾಗಿ ಉಬ್ಬುತ್ತದೆ, ಕ್ಯಾಲ್ಸಿಯಂ ಇದ್ದರೆ ಅಷ್ಟಿಲ್ಲ. ಒದ್ದೆ ಜೇಡಿಯನ್ನು ಒತ್ತಿ ಉಜ್ಜಿದರೆ ಪದರಗಳು ಇಸ್ಪೀಟ್ ಎಲೆಯ ಥರ ಜಾರಿ, ಎಳೆ ಎಳೆಯಾಗಿ ಕಣಗಳ ಮಧ್ಯೆ ಹಬ್ಬುತ್ತವೆ. ಥೇಟ್ ಜೇಡರ ಬಲೆ.

ಅಮ್ಮ ಇಣುಕಿ ನೋಡಿ, "ಏನಿದು, ಶಾವಿಗೆನಾ?" ಅಂದಳು. ಬಾಗಲಕೋಟೆಯವಳು. ಸರಿಯಾಗಿ ನಾದದ ಹಿಟ್ಟಿನ ರೊಟ್ಟಿ ಅಂಚಲ್ಲಿ ಬಿರಿಯುತ್ತದೆ ಅಂತ ದಿನಾ ನನ್ನನ್ನು ಬೈಯುವವಳು. ಪೂರ್ತಿ ಕೇಳಿಸಿಕೊಂಡು, "ಚೆನ್ನಾಗಿ ನಾದಬೇಕು, ಅಷ್ಟೇ ಅಲ್ವಾ?" ಅಂದಳು. ಇದನ್ನು ತಿಳಿಯಲು ನಾನು ಡಿಗ್ರಿ ಮಾಡಿದ್ದೇನೆ!

ಜೇಡಿ ಜೊತೆ ಸಿಲಿಕಾ (ಮರಳಿನಲ್ಲಿರುವ ವಸ್ತು) ಕೂಡ ಸೇರುತ್ತದೆ, ಆಮೇಲೆ ಕುಲುಮೆಯಲ್ಲಿ ಕಿಟ್ಟ ಜಾಸ್ತಿ. ಆ ತಕರಾರನ್ನು ಅವಳಿಗೆ ಹೇಳಲಿಲ್ಲ. ರೊಟ್ಟಿ ಬಿಸಿ ಇತ್ತು.