ಅಜ್ಜಿಯ ಅಜ್ಜಿಯ ಅವ್ವನ ಊರು

ಡಬ್ಲಿನ್ನಿನ ಕಿಲ್ಡೇರ್ ಸ್ಟ್ರೀಟ್‌ನಲ್ಲಿರುವ ನ್ಯಾಷನಲ್ ಲೈಬ್ರರಿಯಲ್ಲಿ ವಂಶದ ಬೇರು ಹುಡುಕಿಕೊಂಡು ಬರುವವರಿಗೆಂದೇ ಸಹಾಯದ ಮೇಜು ಇದೆ. ನಾವು ಹೋದ ದಿನ ಅಲ್ಲಿ ಕೂತಿದ್ದವರಲ್ಲಿ ಅರ್ಧ ಜನ ಅಮೆರಿಕದವರು, ಉಳಿದವರು ಆಸ್ಟ್ರೇಲಿಯಾದವರು, ಜೊತೆಗೆ ಹಾವೇರಿ ಕಡೆಯವ ನಾನೊಬ್ಬ. ಹುಡುಕಾಟ ನನ್ನದಲ್ಲ, ಸೊಸೆಯದು. ಮಗನಿಗೆ ರಜೆ ಸಿಗಲಿಲ್ಲ, ಬಾಸ್ಟನ್ನಿನಲ್ಲೇ ಉಳಿದ. ಬ್ಯಾಗ್ ಹೊರುವುದಕ್ಕೆ ನಾನು ಹೊರಟೆ.

ಮೇಜಿನಾಚೆ ಕೂತಿದ್ದ ಹೆಂಗಸು ಮೊದಲು ಕೇಳಿದ್ದು ಹೆಸರನ್ನಲ್ಲ, ಹಡಗನ್ನಲ್ಲ. "ಯಾವ ಊರು?" ಐರ್ಲೆಂಡಿನಲ್ಲಿ ಊರು ಅಂದರೆ ಟೌನ್‌ಲ್ಯಾಂಡ್. ಹೆಸರಲ್ಲಷ್ಟೇ ಟೌನು, ಹೋಗಿ ನೋಡಿದರೆ ಒಂದಷ್ಟು ಹೊಲ, ನಾಲ್ಕಾರು ಮನೆ. ಅಂಥವು ಆ ಪುಟ್ಟ ದ್ವೀಪದಲ್ಲಿ 60,000ಕ್ಕೂ ಹೆಚ್ಚು. ಸೊಸೆಯ ತಾಯಿಮನೆಯ ಅಡ್ಡಹೆಸರಂತೂ ನಮ್ಮಲ್ಲಿ ಪಾಟೀಲ ಇದ್ದ ಹಾಗೆ, ಎಲ್ಲಿ ಕಲ್ಲೆಸೆದರೂ ಒಬ್ಬರಿಗೆ ತಾಗುತ್ತದೆ. ಊರು ಗೊತ್ತಿಲ್ಲದೆ ಹುಡುಕಲು ಹೊರಟು ಹಿಂದಿನ ವರ್ಷ ನಾಲ್ಕು ತಿಂಗಳು ಕಾರ್ಕ್ ಕಡೆಯ ಇನ್ಯಾರದೋ ಕುಟುಂಬವನ್ನು ನಮ್ಮದೆಂದುಕೊಂಡು ಸಾಕಿದ್ದೆವು. ಆ ಮನೆಯ ಮಕ್ಕಳ ಹೆಸರೆಲ್ಲ ನನಗೆ ಈಗಲೂ ಬಾಯಿಪಾಠ.

ಊರು ಕೊನೆಗೆ ಸಿಕ್ಕಿದ್ದು ಬ್ಯಾಂಕಿನ ಪುಸ್ತಕದಲ್ಲಿ. 1845ರಲ್ಲಿ ಆಲೂಗಡ್ಡೆ ಬೆಳೆಗೆ ಅಂಗಮಾರಿ ಬಿತ್ತು. ಮುಂದಿನ ಏಳು ವರ್ಷಗಳಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು, ಅದಕ್ಕಿಂತ ಹೆಚ್ಚು ಜನ ಹಡಗು ಹತ್ತಿದರು. ಹಾಗೆ ನ್ಯೂಯಾರ್ಕಿಗೆ ಬಂದಿಳಿದವಳು ಸೊಸೆಯ ಅಜ್ಜಿಯ ಅಜ್ಜಿಯ ಅವ್ವ. ಮನೆಗೆಲಸದವಳು, ಸಹಿ ಮಾಡಲು ಬಾರದವಳು. 1850ರಲ್ಲಿ ಅಲ್ಲಿ ಎಮಿಗ್ರೆಂಟ್ ಸೇವಿಂಗ್ಸ್ ಬ್ಯಾಂಕ್ ಶುರುವಾಯಿತು, ಅದರಲ್ಲಿ ಖಾತೆ ಮಾಡಿಸಿದಳು. ನಾಳೆ ದುಡ್ಡು ಕೇಳಲು ಬರುವವರು ಅವರೇ ಹೌದೋ ಅಲ್ಲವೋ ತಾಳೆ ನೋಡಲು ಗುಮಾಸ್ತ ಕೇಳಿ ಬರೆದಿಟ್ಟುಕೊಳ್ಳುತ್ತಿದ್ದ: ಹುಟ್ಟಿದ್ದೆಲ್ಲಿ, ಅಪ್ಪ ಅವ್ವ ಯಾರು, ಯಾವ ಹಡಗು, ಒಡಹುಟ್ಟಿದವರು ಎಲ್ಲೆಲ್ಲಿ. ಆ ಪುಸ್ತಕಗಳು ಈಗ ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಯಲ್ಲಿವೆ. ಆ ನಾಲ್ಕು ಸಾಲು ಸಿಗದಿದ್ದರೆ ನಾವು ಇನ್ನೂ ಕಾರ್ಕಿನಲ್ಲೇ ಇರುತ್ತಿದ್ದೆವು.

ಆದರೆ ಗುಮಾಸ್ತ ಊರಿನ ಹೆಸರನ್ನು ಕಿವಿಗೆ ಬಿದ್ದಂತೆ ಬರೆದುಬಿಟ್ಟಿದ್ದ. ಆ ಸ್ಪೆಲ್ಲಿಂಗಿನ ಊರು ಯಾವ ನಕ್ಷೆಯಲ್ಲೂ ಇಲ್ಲ. ಲೈಬ್ರರಿಯಾಕೆ ಹಾಳೆ ಪಕ್ಕಕ್ಕಿಟ್ಟು, "ಗಟ್ಟಿಯಾಗಿ ಓದಿ" ಅಂದರು. ಸೊಸೆ ಅಮೆರಿಕದ ರಾಗದಲ್ಲಿ ಓದಿದಳು. ಆಗಲಿಲ್ಲ. ನಾನು ಕನ್ನಡ ಶಾಲೆಯವರು ಇಂಗ್ಲಿಷ್ ಓದುವ ಹಾಗೆ ಒಂದೊಂದಕ್ಷರ ಬಿಡಿಸಿ ಓದಿದೆ. ಆಕೆ ನಕ್ಕು ಪೆನ್ಸಿಲಿನಲ್ಲಿ ಬೇರೊಂದು ಹೆಸರು ಬರೆದರು. 'ಕ್ಲೂನ್' ಎಂದು ಶುರುವಾಗುತ್ತದೆ, ಐರಿಷ್‌ನಲ್ಲಿ ಹುಲ್ಲುಗಾವಲು. ರೊಸ್‌ಕಾಮನ್ ಕೌಂಟಿ. ಪೂರ್ತಿ ಹೆಸರು ಇಲ್ಲಿ ಬೇಡ; ಈಗ ಅಲ್ಲಿರುವುದೇ ಎರಡು ಮನೆ.

ಮುಂದಿನ ದಾರಿ ಸಲೀಸೇನಲ್ಲ. 1922ರ ಜೂನ್ 30ರಂದು ಅಂತರ್ಯುದ್ಧದಲ್ಲಿ ಫೋರ್ ಕೋರ್ಟ್ಸ್ ಕಟ್ಟಡದ ದಾಖಲೆ ಭಂಡಾರ ಸಿಡಿದು, 1821ರಿಂದ 1851ರವರೆಗಿನ ಜನಗಣತಿ ಹೆಚ್ಚುಕಡಿಮೆ ಬೂದಿಯಾಯಿತು. ಅದು ಯುದ್ಧ, ಬಿಡಿ. 1861 ಮತ್ತು 1871ರ ಗಣತಿಯನ್ನು ಸರ್ಕಾರವೇ ಹುಕುಂ ಮಾಡಿ ನಾಶಮಾಡಿಸಿತ್ತು, 1881 ಮತ್ತು 1891ರದ್ದನ್ನು ಮೊದಲ ಮಹಾಯುದ್ಧದ ಹೊತ್ತಿಗೆ ಕಾಗದದ ರದ್ದಿಗೆ ಹಾಕಿದರು. ನನಗೆ ಹೊಟ್ಟೆ ಉರಿದದ್ದು ಬೆಂಕಿಗಿಂತ ಈ ರದ್ದಿಯ ಸುದ್ದಿಗೆ.

ಇಡಿಯಾಗಿ ಉಳಿದ ಹಳೆಯ ಗಣತಿಗಳು 1901 ಮತ್ತು 1911ರವು. ಅದರಲ್ಲಿ ಸಿಕ್ಕ, ಊರಲ್ಲೇ ಉಳಿದ ತಮ್ಮ. ಬ್ಯಾಂಕಿನ ಪುಸ್ತಕದಲ್ಲಿ ಅಕ್ಕ ಬರೆಸಿದ್ದ ಅದೇ ಹೆಸರು. 1901ರಲ್ಲಿ ವಯಸ್ಸು 58. 1911ರಲ್ಲಿ 71! ಹತ್ತು ವರ್ಷದಲ್ಲಿ ಹದಿಮೂರು ವರ್ಷ ಮುದುಕನಾಗಿದ್ದ. ಕಾರಣ ಸರಳ: 1909ರ ಜನವರಿಯಿಂದ 70 ತುಂಬಿದವರಿಗೆ ಪಿಂಚಣಿ ಶುರುವಾಗಿತ್ತು. ಇಡೀ ಪ್ರವಾಸದಲ್ಲಿ ನನಗೆ ಹತ್ತಿರದವನೆನಿಸಿದ್ದು ಈ ಮನುಷ್ಯ.

ಮರುದಿನ ಬಾಡಿಗೆ ಕಾರಿನಲ್ಲಿ ಪಶ್ಚಿಮಕ್ಕೆ. ದಾರಿಯಲ್ಲಿ ಸ್ಟ್ರೋಕ್ಸ್‌ಟೌನ್. ಅಲ್ಲಿಯ ಬಂಗಲೆಯ ಆವರಣದಲ್ಲೇ ಈಗ ಕ್ಷಾಮದ ಮ್ಯೂಸಿಯಂ. 1847ರಲ್ಲಿ ಜಮೀನ್ದಾರ ಡೆನಿಸ್ ಮಹೋನ್ ತನ್ನ ಒಕ್ಕಲಿನ 1,490 ಜನರನ್ನು ಡಬ್ಲಿನ್ನಿಗೆ ನಡೆಸಿ, ಲಿವರ್‌ಪೂಲ್ ಮೂಲಕ ಕೆನಡಾದ ಹಡಗು ಹತ್ತಿಸಿದ. ಅರ್ಧಕ್ಕೆ ಹತ್ತಿರ ಜನ ಉಳಿಯಲಿಲ್ಲವೆಂದು ಅಂದಾಜು. ಅದೇ ನವೆಂಬರಿನಲ್ಲಿ ಅವನನ್ನು ಗುಂಡಿಟ್ಟು ಕೊಂದರು. ಆ ಒಕ್ಕಲಿನವರು ನಡೆದ 165 ಕಿಲೋಮೀಟರ್ ದಾರಿಯುದ್ದಕ್ಕೂ ಮಕ್ಕಳ ಕಂಚಿನ ಬೂಟುಗಳನ್ನು ನೆಟ್ಟಿದ್ದಾರೆ. ಸೊಸೆ ಒಂದು ಬೂಟಿನೊಳಗೆ ಎರಡು ಬೆರಳಿಟ್ಟು ನೋಡಿದಳು. ಮಾತಾಡಲಿಲ್ಲ.

ಗ್ರಿಫಿತ್ಸ್ ವ್ಯಾಲ್ಯುಯೇಷನ್ ಅಂತ 1847ರಿಂದ 1864ರವರೆಗೆ ನಡೆದ ಕಂದಾಯದ ಅಳತೆ ಇದೆ, ನಮ್ಮ ಪಹಣಿಯ ಅಣ್ಣ ಅನ್ನಿ. ಯಾರ ವಶದಲ್ಲಿ ಎಷ್ಟು ನೆಲ, ಯಾರಿಗೆ ಗೇಣಿ, ಎಲ್ಲಕ್ಕೂ ನಂಬರು. ಅದೇ ನಂಬರು ನಕ್ಷೆಯಲ್ಲಿ. ಅದರ ಪ್ರಕಾರ ಹೊಲದ ಬೇಲಿ ದಾಟಿದೆವು. ಮನೆ ಇರಲಿಲ್ಲ. ಚೌಕಾಕಾರದಲ್ಲಿ ತುರಿಕೆಗಿಡ ಎದೆಮಟ್ಟ ಬೆಳೆದಿತ್ತು, ನಡುವೆ ಒಲೆಗೂಡಿನ ನಾಲ್ಕು ಕಲ್ಲು. ಸಂಜೆಯ ಓರೆಬಿಸಿಲಿಗೆ ಪಕ್ಕದ ಇಳಿಜಾರಿನಲ್ಲಿ ಸಾಲು ಸಾಲು ಉಬ್ಬು ಎದ್ದು ಕಂಡವು: ಆಲೂಗಡ್ಡೆಯ ಹಳೆಯ ಏರುಮಡಿಗಳು, ಹುಲ್ಲಿನಡಿಯಲ್ಲಿ ಹಾಗೇ.

ಟ್ರ್ಯಾಕ್ಟರ್ ನಿಲ್ಲಿಸಿ ಬಂದ ಹೊಲದ ಯಜಮಾನ ಬೈಯುತ್ತಾನೆಂದುಕೊಂಡರೆ, ಆ ಮನೆತನದ ಅಡ್ಡಹೆಸರು ಕೇಳಿ ಶುರುಮಾಡಿದ: ಆ ಮುದುಕ ಮದುವೆಯಾಗಲಿಲ್ಲ, ಅವನ ಹಸು ಯಾರಿಗೆ ಹೋಯಿತು, ನೆಲ ತನ್ನ ಅಜ್ಜನಿಗೆ ಹೇಗೆ ಬಂತು. ನಾನು ಸಣ್ಣವನಿದ್ದಾಗ ಎತ್ತಿನ ಮೇಲೆ ಬರುತ್ತಿದ್ದ ಹೆಳವ ನಮ್ಮ ಮನೆತನದ ಸಾಲು ಹೇಳುತ್ತಿದ್ದುದು ಇದೇ ಧಾಟಿಯಲ್ಲಿ, ತಡವರಿಸದೆ.

ಕೊನೆಗೆ ನನ್ನತ್ತ ತಿರುಗಿದ. "ನಿಮ್ಮದು ಯಾವ ಊರು?"

ಹೇಳಿದೆ.

"ಎಷ್ಟು ಎಕರೆ?"

"ಹನ್ನೊಂದಿತ್ತು. ಮಾರಿದೆವು."

ಅವನು ಟೋಪಿ ಸರಿಮಾಡಿಕೊಂಡ. "ಮಾರಬಾರದಿತ್ತು" ಅಂದ.